ಬಡ್ತಿ ಪರೀಕ್ಷೆ: ತೇರ್ಗಡೆ ಅಂಕಕ್ಕೆ ಆಧಾರ ಬೇಕು

ಮಾನ್ಯರೇ,

ಬಡ್ತಿ ಪರೀಕ್ಷೆಗಳಲ್ಲಿ ಪ್ರಶ್ನೆಪತ್ರಿಕೆ ಸಿದ್ಧವಾಗುವ ಮೊದಲೇ ತೇರ್ಗಡೆಗೆ ಶೇ 50 ಅಥವಾ 60 ಎಂದು ಗೆರೆ ಎಳೆಯುವ ರೂಢಿ ನಿಲ್ಲಬೇಕು. ಒಂದು ವರ್ಷದ ಪತ್ರಿಕೆ ಕಠಿಣ, ಮರುವರ್ಷದ್ದು ಸುಲಭವಾದರೆ ಅದೇ 60 ಅಂಕ ಎರಡು ಬೇರೆ ಯೋಗ್ಯತೆಗಳನ್ನು ಅಳೆಯುತ್ತದೆ. ವರ್ಷಗಟ್ಟಲೆ ದುಡಿದ ನೌಕರರಿಗೆ ಇದು ಅನ್ಯಾಯ.

1971ರಲ್ಲಿ ಅಮೆರಿಕದ ಪರೀಕ್ಷಾ ತಜ್ಞ ವಿಲಿಯಂ ಆಂಗಾಫ್ ವಿವರಿಸಿದ ವಿಧಾನ ಇಲ್ಲಿ ಉಪಯುಕ್ತ. ಆ ಹುದ್ದೆಯ ಕೆಲಸ ಬಲ್ಲ ಎಂಟು-ಹತ್ತು ಮಂದಿ ಪ್ರತಿ ಪ್ರಶ್ನೆಯನ್ನೂ ಓದಿ, ಹುದ್ದೆಗೆ ಬೇಕಾದಷ್ಟೇ ಅರ್ಹತೆಯುಳ್ಳ ನೂರು ನೌಕರರಲ್ಲಿ ಎಷ್ಟು ಮಂದಿ ಅದಕ್ಕೆ ಸರಿಯುತ್ತರ ಕೊಟ್ಟಾರು ಎಂದು ಅಂದಾಜಿಸುತ್ತಾರೆ. 70 ಮಂದಿ ಎಂದಾದರೆ ಆ ಪ್ರಶ್ನೆಗೆ 0.70. ಎಲ್ಲರ ಅಂದಾಜಿನ ಸರಾಸರಿ ತೆಗೆದು, ಎಲ್ಲ ಪ್ರಶ್ನೆಗಳದ್ದನ್ನೂ ಕೂಡಿದರೆ ತೇರ್ಗಡೆ ಅಂಕ ಸಿಗುತ್ತದೆ. ತಪ್ಪುವುದು ಸಾಮಾನ್ಯವಾಗಿ ಎರಡು ಕಡೆ: ತಜ್ಞರು ಬೇಕಾದಷ್ಟೇ ಅರ್ಹತೆಯುಳ್ಳ ಆ ಗಡಿರೇಖೆಯ ನೌಕರನನ್ನು ಮರೆತು ತಮ್ಮನ್ನೇ ಊಹಿಸಿಕೊಂಡರೆ ಅಂದಾಜು ಏರುತ್ತದೆ, ಹಿರಿಯ ಅಧಿಕಾರಿ ಮೊದಲು ಮಾತಾಡಿದರೆ ಉಳಿದವರು ತಲೆಯಾಡಿಸುತ್ತಾರೆ. ಆದ್ದರಿಂದ ಮೊದಲ ಸುತ್ತಿನ ಅಂದಾಜನ್ನು ಪ್ರತಿಯೊಬ್ಬರೂ ಪ್ರತ್ಯೇಕವಾಗಿ ಬರೆದುಕೊಡಬೇಕು, ಚರ್ಚೆ ಆಮೇಲೆ.

ಇನ್ನೊಂದು ಮಾತು. ಅಂಕಗಳ ಮಾನಕ ವಿಚಲನೆ (ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) 10, ವಿಶ್ವಾಸಾರ್ಹತೆ (ಫಲಿತಾಂಶ ಎಷ್ಟು ಸ್ಥಿರ ಎಂಬ ಅಳತೆ, ಗರಿಷ್ಠ 1) 0.91 ಇರುವ ಉತ್ತಮ ಪರೀಕ್ಷೆಯಲ್ಲೂ ಮಾಪನದ ಮಾನಕ ದೋಷ, ಅಂದರೆ ಒಬ್ಬರ ಅಂಕದಲ್ಲಿ ಸಹಜವಾಗಿ ಆಗಬಹುದಾದ ಏರುಪೇರಿನ ಅಳತೆ, 3 ಅಂಕ. ಹೀಗಿರುವಾಗ ತೇರ್ಗಡೆ ಅಂಕ 60 ಆಗಿದ್ದರೆ, 58 ಪಡೆದವರು ಅನರ್ಹರು, 60 ಪಡೆದವರು ಅರ್ಹರು ಎಂದು ಖಚಿತವಾಗಿ ಹೇಳಲಾಗದು.

ತೇರ್ಗಡೆ ಅಂಕವನ್ನು ಫಲಿತಾಂಶ ತೆರೆಯುವ ಮೊದಲೇ ಈ ರೀತಿ ನಿಗದಿಪಡಿಸಿ, ಅದರ ಆಧಾರವನ್ನು ಲಿಖಿತವಾಗಿ ನೌಕರರಿಗೆ ತಿಳಿಸಬೇಕು. ಗಡಿಯ ಆಸುಪಾಸಿನವರಿಗೆ ಪ್ರಾಯೋಗಿಕ ಕೆಲಸದ ಮೌಲ್ಯಮಾಪನಕ್ಕೆ ಅವಕಾಶ ನೀಡುವುದು ಸೂಕ್ತ.

– ಓದುಗ