ನನ್ನ ನಾಲ್ಕನೆಯವರಿಗೆ

ಕಳೆದ ತಿಂಗಳ ಕೊನೆಯ ದಿನ ನಾನು ನಿವೃತ್ತಳಾದೆ. ಸಕಲೇಶಪುರದ ಕಾಲೇಜಿಗೆ ದೈಹಿಕ ಶಿಕ್ಷಣ ನಿರ್ದೇಶಕಿಯಾಗಿ ಸೇರಿದ್ದು ತೊಂಬತ್ತರ ದಶಕದ ಶುರುವಿನಲ್ಲಿ. ಕಬಡ್ಡಿ, ಖೋಖೋ, ವಾಲಿಬಾಲ್ ಎಲ್ಲವನ್ನೂ ನೋಡಿಕೊಂಡೆ. ಆದರೆ ಮನಸ್ಸು ಇದ್ದದ್ದು ಓಟದಲ್ಲಿ, ಅದರಲ್ಲೂ ಟ್ರ್ಯಾಕ್ ಬಿಟ್ಟು ಏರು, ಇಳುಕಲು, ಕೆಸರಿನಲ್ಲಿ ಓಡುವ ಕ್ರಾಸ್ ಕಂಟ್ರಿಯಲ್ಲಿ. ಬೀಳ್ಕೊಡುಗೆಯ ದಿನ ಶಾಲು, ಹಾರ, ಮೈಸೂರು ಪೇಟ ಎಲ್ಲಾ ಆಯಿತು. ಮೈಕ್ ಕೈಗೆ ಬಂದಾಗ ಗಂಟಲು ಕಟ್ಟಿತು. ಹೇಳಬೇಕು ಅಂದುಕೊಂಡಿದ್ದರಲ್ಲಿ ಕಾಲು ಭಾಗವೂ ಹೇಳಲಿಲ್ಲ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಯಾರ ಹೆಸರನ್ನೂ ಹಾಕಿಲ್ಲ. ಓದುವಾಗ ಇದು ನಾನೇ ಅಂತ ನಿಮಗೆ ಗೊತ್ತಾಗುತ್ತದೆ.

ಮೊದಲ ಥ್ಯಾಂಕ್ಸ್ ನಮ್ಮ ತಂಡಗಳಲ್ಲಿ ನಾಲ್ಕನೆಯವರಾಗಿ ಓಡಿದವರಿಗೆ.

ಕ್ರಾಸ್ ಕಂಟ್ರಿ ನೋಡದವರಿಗೆ ಇದು ಅರ್ಥವಾಗಲಿಕ್ಕಿಲ್ಲ, ಸ್ವಲ್ಪ ಹೇಳುತ್ತೇನೆ. ಒಂದು ತಂಡದಲ್ಲಿ ಆರು ಜನ ಓಡುತ್ತಾರೆ. ಮೊದಲು ಮುಗಿಸಿದ ನಾಲ್ವರ ಸ್ಥಾನಗಳನ್ನು ಕೂಡಿಸುತ್ತಾರೆ. ವಿಶ್ವ ಚಾಂಪಿಯನ್‌ಶಿಪ್‌ನ ಸೀನಿಯರ್ ವಿಭಾಗದಲ್ಲೂ ಈಗ ಇದೇ ಲೆಕ್ಕ. ಮೊತ್ತ ಯಾರದ್ದು ಕಡಿಮೆಯೋ ಅವರು ಗೆದ್ದ ಹಾಗೆ. ನಿಮ್ಮ ಹುಡುಗಿ ಮೊದಲನೆಯವಳಾಗಿ ಬಂದು ಪೇಪರಿನಲ್ಲಿ ಫೋಟೋ ಬರಬಹುದು. ಆದರೆ ನಾಲ್ಕನೆಯವಳು ನಲವತ್ತನೇ ಸ್ಥಾನಕ್ಕೆ ಇಳಿದರೆ ಟ್ರೋಫಿ ಬೇರೆ ಊರಿನ ಬಸ್ಸು ಹತ್ತುತ್ತದೆ.

ಅಮೆರಿಕದ ಕಾಲೇಜುಗಳಲ್ಲಿ ಏಳು ಜನ ಓಡಿ ಐವರ ಸ್ಥಾನ ಲೆಕ್ಕಕ್ಕೆ ಬರುತ್ತದೆ. ಕೊಲೊರಾಡೋದ ಅಲಮೋಸಾ ಅನ್ನುವ ಸಣ್ಣ ಊರಿನ ಆಡಮ್ಸ್ ಸ್ಟೇಟ್ ಕಾಲೇಜಿನಲ್ಲಿ ಜೋ ವಿಜಿಲ್ ಅಂತ ಒಬ್ಬ ಕೋಚ್ ಇದ್ದರು. 1992ರ ರಾಷ್ಟ್ರೀಯ ಕೂಟದಲ್ಲಿ ಅವರ ಹುಡುಗರು ಒಂದರಿಂದ ಐದರವರೆಗಿನ ಅಷ್ಟೂ ಸ್ಥಾನ ತೆಗೆದುಕೊಂಡರು. ಮೊತ್ತ 15. ಅದಕ್ಕಿಂತ ಕಡಿಮೆ ಸಾಧ್ಯವೇ ಇಲ್ಲ. ಇದನ್ನು ಓದಿದ ದಿನ ನನ್ನ ಕಣ್ಣು ನಿಂತದ್ದು ಗೆದ್ದವನ ಮೇಲಲ್ಲ, ಐದನೆಯವನ ಮೇಲೆ. ಅವನು ಒಂದೇ ಒಂದು ಸ್ಥಾನ ಜಾರಿದ್ದರೂ ಆ 15 ಇರುತ್ತಿರಲಿಲ್ಲ, ಅಲ್ವಾ?

ಬೆಳಗೋಡು ಕಡೆಯಿಂದ ಬರುತ್ತಿದ್ದ ಒಬ್ಬಳು ಮೂರೂ ವರ್ಷ ನಮ್ಮ ನಾಲ್ಕನೆಯವಳು. ವೈಯಕ್ತಿಕ ಪದಕ ಒಂದೂ ಬರಲಿಲ್ಲ. ಮೈಸೂರಿನಲ್ಲಿ ಅಂತರ ಕಾಲೇಜು ಕೂಟ. ನಮ್ಮ ಮೊದಲ ಮೂವರು ಮುಗಿಸಿ ಹುಲ್ಲಿನ ಮೇಲೆ ಬಿದ್ದುಕೊಂಡಿದ್ದರು. ಎದುರು ತಂಡದ ನಾಲ್ಕನೆಯವಳು ಇವಳಿಗಿಂತ ಹತ್ತು ಹೆಜ್ಜೆ ಮುಂದೆ. ನಾನು ಮನಸ್ಸಿನಲ್ಲೇ ಕೂಡಿಸಿದೆ. ಹೀಗೇ ಮುಗಿದರೆ ಒಂದು ಅಂಕದಲ್ಲಿ ಸೋಲು. ಇವಳು ಅವಳನ್ನು ದಾಟಿದರೆ ನಮ್ಮದು ಒಂದು ಕಡಿಮೆ, ಅವರದು ಒಂದು ಜಾಸ್ತಿ, ಒಂದು ಅಂಕದಲ್ಲಿ ಗೆಲುವು. ಇವಳಿಗೆ ಆ ಲೆಕ್ಕ ಗೊತ್ತಿಲ್ಲ. ಎದೆ ಮೇಲಿನ ನಂಬರಿನ ಪಿನ್ನು ಕಿತ್ತು ಒಂದು ಮೂಲೆ ಪಟಪಟ ಹೊಡೆಯುತ್ತಿತ್ತು. ಅದನ್ನು ಎಡಗೈಯಲ್ಲಿ ಹೊಟ್ಟೆಗೆ ಒತ್ತಿ ಹಿಡಿದು, ಬಲಗೈ ಒಂದನ್ನೇ ಬೀಸುತ್ತಾ, ಗೆರೆಗೆ ಇನ್ನೇನು ಮೂರು ಮಾರು ಇದೆ ಅನ್ನುವಾಗ ದಾಟಿದಳು. ಆಮೇಲೆ ಬಂದು ಕೇಳಿದ್ದು, "ಮೇಡಂ, ನಾನು ಎಷ್ಟನೆಯವಳು?" ಅಂತ.

ಈಗ ಅವಳು ಬೆಂಗಳೂರಿನಲ್ಲಿ ಸ್ಟಾಫ್ ನರ್ಸ್. ಬೀಳ್ಕೊಡುಗೆಗೆ ನೈಟ್ ಡ್ಯೂಟಿ ಮುಗಿಸಿ ನೇರ ಬಸ್ಸು ಹತ್ತಿ ಬಂದಿದ್ದಳು. ಮಗಾ, ಆ ಟ್ರೋಫಿ ಪ್ರಿನ್ಸಿಪಾಲರ ರೂಮಿನ ಬೀರುವಿನಲ್ಲಿ ಈಗಲೂ ಇದೆ. ಅದು ನಿನ್ನದು. ಇದನ್ನು ಆ ದಿನವೇ ಎಲ್ಲರ ಮುಂದೆ ಹೇಳುವ ಆಸೆ ಇತ್ತು.

ಇನ್ನು ನಮ್ಮ ಗ್ರೌಂಡಿನ ಅಟೆಂಡರ್ ಅಣ್ಣನಿಗೆ. ಪ್ರಮಾಣದ 400 ಮೀಟರ್ ಟ್ರ್ಯಾಕಿಗೆ ತಿರುವಿನ ಅರ್ಧವ್ಯಾಸ 36.5 ಮೀಟರ್, ನೇರ ಭಾಗ 84.39 ಮೀಟರ್ ಬೇಕು. ಅಷ್ಟು ಸಮತಟ್ಟು ಜಾಗ ನಮ್ಮ ಮಲೆನಾಡಿನ ಕಾಲೇಜಿಗೆ ಎಲ್ಲಿಂದ ಬರಬೇಕು? ಗುಡ್ಡ ಕಡಿದು ಮಾಡಿದ ಗ್ರೌಂಡಿನಲ್ಲಿ 200 ಮೀಟರಿನದ್ದೇ ಹಿಡಿಸಿದ್ದು. ಐದು ಸಾವಿರ ಮೀಟರ್ ಅಂದರೆ 25 ಸುತ್ತು, ಹತ್ತು ಸಾವಿರ ಅಂದರೆ 50. ಒಂದು ಸುತ್ತಿನಲ್ಲಿ ಒಂದು ಮೀಟರ್ ತಪ್ಪಿದರೆ ಕೊನೆಗೆ 50 ಮೀಟರ್ ತಪ್ಪು. ಶುರುವಿನಲ್ಲಿ ಗೂಟಕ್ಕೆ ಹಗ್ಗ ಕಟ್ಟಿ ತಿರುವು ಎಳೆಯುತ್ತಿದ್ದೆವು. ಮಂಜಿಗೆ ಒದ್ದೆಯಾದ ಹಗ್ಗದ ಅಳತೆ ಬದಲಾಗುತ್ತದೆ ಅಂತ ಕಂಡುಹಿಡಿದವರು ಅವರೇ. ಯಾರೂ ಹೇಳಿಕೊಟ್ಟದ್ದಲ್ಲ. ಮಾರನೇ ದಿನ ಮನೆಯಿಂದ ಬಟ್ಟೆ ಒಣಗಿಸುವ ಕಬ್ಬಿಣದ ತಂತಿ ಬಿಚ್ಚಿಕೊಂಡು ಬಂದರು. ತೂತು ಹೊಡೆದ ಡಬ್ಬಿಯಲ್ಲಿ ಸುಣ್ಣದ ಪುಡಿ ತುಂಬಿ, ಬಗ್ಗಿದ ಬೆನ್ನು ಎತ್ತದೆ ಸುತ್ತು ಮುಗಿಸುತ್ತಿದ್ದರು. ಮಧ್ಯಾಹ್ನ ಮಳೆ ಬಂದರೆ ಅಷ್ಟೂ ತೊಳೆದುಹೋಯಿತು. ಮತ್ತೆ ಎಳೆಯುವರು, ಒಂದು ಮಾತು ಗೊಣಗಿದ್ದು ಕೇಳಿಲ್ಲ.

ಸುತ್ತು ಎಣಿಸುವವರೂ ಅವರೇ. ಎರಡು ಹಾರ್ಲಿಕ್ಸ್ ಬಾಟಲಿ, 50 ಹುಣಸೆ ಬೀಜ. ಹುಡುಗಿ ದಾಟಿದ ಹಾಗೆ ಒಂದೊಂದು ಬೀಜ ಆ ಬಾಟಲಿಯಿಂದ ಈ ಬಾಟಲಿಗೆ. ನನ್ನ ಸ್ಟಾಪ್‌ವಾಚಿನಷ್ಟೇ ಆ ಬಾಟಲಿಗಳನ್ನೂ ನಂಬಿದ್ದೇನೆ. ಅವರು ನನಗಿಂತ ಮೊದಲೇ ರಿಟೈರ್ ಆದರು. ಅವರಿಗೆ ಶಾಲು ಹೊದಿಸಿದ ಫೋಟೋ ಹುಡುಕಿದೆ, ಸಿಗಲಿಲ್ಲ. ಯಾರ ಹತ್ತಿರವಾದರೂ ಇದ್ದರೆ ದಯವಿಟ್ಟು ಕಳಿಸಿ.

ಕ್ರಾಸ್ ಕಂಟ್ರಿ ಟ್ರ್ಯಾಕಿನ ಮೇಲೆ ಕಲಿಯುವಂಥದ್ದಲ್ಲ. ಏರು, ಇಳುಕಲು, ಕೆಸರು, ಕಲ್ಲು ಬೇಕು. ಅದನ್ನು ಕೊಟ್ಟದ್ದು ಊರಿನ ಸುತ್ತಲ ಕಾಫಿ ತೋಟದವರು. ಗೇಟು ತೆಗೆದು, "ನಮ್ಮ ರೋಡಿನಲ್ಲಿ ಓಡಿಸಿಕೊಳ್ಳಿ ಮೇಡಂ" ಅಂದರು. ಕೊಯ್ಲಿನ ಕಾಲದಲ್ಲಿ ಯಾವ ಬ್ಲಾಕಿನಲ್ಲಿ ಆಳುಗಳಿದ್ದಾರೆ, ಯಾವುದು ಖಾಲಿ ಅಂತ ಹಿಂದಿನ ಸಂಜೆಯೇ ತೋಟದ ಲೆಕ್ಕ ಬರೆಯುವ ಎಸ್ಟೇಟ್ ರೈಟರ್ ಫೋನ್ ಮಾಡುತ್ತಿದ್ದರು. ಮಳೆಗಾಲದಲ್ಲಿ ಜಿಗಣೆ ಕಾಟ. ತೋಟದ ಹೆಂಗಸರು ಸುಣ್ಣ, ಹೊಗೆಸೊಪ್ಪು ಕಲಸಿ ಹುಡುಗಿಯರ ಪಾದಕ್ಕೆ ಹಚ್ಚಿ ಕಳಿಸಿದ್ದಾರೆ, ತಮ್ಮ ಮಕ್ಕಳಿಗೆ ಹಚ್ಚಿದ ಹಾಗೆ. ಮಂಜರಾಬಾದ್ ಕೋಟೆಯ ಸುಮಾರು 250 ಮೆಟ್ಟಿಲುಗಳಿಗೂ ಒಂದು ನಮಸ್ಕಾರ. ಅವನ್ನು ಹತ್ತಿ ಬೆಳೆದ ಕಾಲುಗಳಿಗೆ ಮೈಸೂರಿನ ಓಟದ ದಾರಿ ಯಾವತ್ತೂ ಕಷ್ಟ ಅನ್ನಿಸಿಲ್ಲ.

ಆಮೇಲೆ ಆನೆಗಳ ಕಾಲ ಬಂತು. ಸಕಲೇಶಪುರ, ಆಲೂರು ಕಡೆಯವರಿಗೆ ಹೇಳಬೇಕಾದ್ದಿಲ್ಲ. ಬೆಳಗ್ಗೆ ಐದೂವರೆಗೆ ಮಂಜಿನಲ್ಲಿ ಹೆಣ್ಣುಮಕ್ಕಳನ್ನು ತೋಟದ ರಸ್ತೆಗೆ ಬಿಡುವುದು ಅಂದರೆ ಎದೆಯಲ್ಲಿ ಡವಡವ. ಅರಣ್ಯ ಇಲಾಖೆಯ ವಾಚರ್‌ಗಳು, ಆನೆ ಕಾಯುವ ತಂಡದ ಹುಡುಗರು ರಾತ್ರಿ ಇಡೀ ನಿದ್ದೆಗೆಟ್ಟಿರುತ್ತಾರೆ. ಆದರೂ ಬೆಳಗಿನ ಜಾವ ನನಗೆ ಫೋನ್ ಬರುತ್ತಿತ್ತು. "ಮೇಡಂ, ಗುಂಪು ಹಳ್ಳ ದಾಟಿ ನಿಮ್ಮ ಕಡೆ ಬಂದಿದೆ. ಇವತ್ತು ಗ್ರೌಂಡಿನಲ್ಲೇ ಓಡಿಸಿ." ಅದು ಅವರ ಡ್ಯೂಟಿಯಲ್ಲಿ ಬರೆದಿಲ್ಲ. ನನ್ನ ಮಕ್ಕಳಲ್ಲಿ ಒಬ್ಬರಿಗೂ ಏನೂ ಆಗದೆ ನಾನು ರಿಟೈರ್ ಆಗಿದ್ದರೆ ಅದರಲ್ಲಿ ಇವರ ಪಾಲು ದೊಡ್ಡದು. ಇದನ್ನು ಬರೆಯುವಾಗಲೂ ಕಣ್ಣು ತುಂಬುತ್ತಿದೆ.

ಆಸ್ಪತ್ರೆಯ ಲ್ಯಾಬಿನಲ್ಲಿದ್ದ ಆ ತಂಗಿಗೆ ನಾನು ಏನು ಕೊಟ್ಟರೂ ಕಡಿಮೆ. ಒಬ್ಬಳು 1500 ಮೀಟರಿನ ಹುಡುಗಿ, ಒಳ್ಳೆ ಓಟಗಾರ್ತಿ, ಸುಮ್ನೆ ನಿಧಾನವಾಗುತ್ತಾ ಹೋದಳು. ಮೆಟ್ಟಿಲು ಹತ್ತಿದರೆ ಏದುಸಿರು. ಪರೀಕ್ಷೆ ಮಾಡಿದರೆ ಹಿಮೋಗ್ಲೋಬಿನ್ 8. ಇರಬೇಕಾದ್ದು ಕನಿಷ್ಠ 12. ಆ ತಂಗಿ ಅಲ್ಲಿಗೇ ಬಿಡಲಿಲ್ಲ. ಇಡೀ ತಂಡವನ್ನು ಕರೆದುಕೊಂಡು ಬನ್ನಿ ಅಂದಳು. ಅರ್ಧ ತಂಡದಲ್ಲಿ ರಕ್ತ ಕಡಿಮೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ 57% ಮಂದಿಗೆ ರಕ್ತಹೀನತೆ. ಆ ಅಂಕಿ ನೋಡಿದಾಗ ನನಗೆ ಆಶ್ಚರ್ಯವೇನೂ ಆಗಲಿಲ್ಲ. ಡಾಕ್ಟರ್ ಕಬ್ಬಿಣದ ಮಾತ್ರೆ ಬರೆದರು. ಊಟದ ವಿಷಯ ಆ ತಂಗಿಯೇ ಕೂರಿಸಿಕೊಂಡು ಹೇಳಿದಳು. ತಿಂಡಿ ಜೊತೆ ಕಾಫಿ ಕುಡಿದರೆ ಆಹಾರದ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ, ಒಂದು ಗಂಟೆ ಬಿಟ್ಟು ಕುಡಿಯಿರಿ. ನುಗ್ಗೆ ಸೊಪ್ಪಿಗೆ ನಿಂಬೆಹಣ್ಣು ಹಿಂಡಿ. ಕಾಫಿ ಬೆಳೆಯುವ ಊರಿನಲ್ಲಿ ತಿಂಡಿ ಜೊತೆ ಕಾಫಿ ಬಿಡಿಸುವುದು ಎಷ್ಟು ಕಷ್ಟ ಅಂತ ಊಹಿಸಿ. ಬಿಡಿಸಿದಳು. ಅಲ್ಲಿಂದ ಮುಂದೆ ಪ್ರತಿ ಸೀಸನ್ ಶುರುವಾಗುವ ಮೊದಲು ರಕ್ತ ಪರೀಕ್ಷೆ ಮಾಡಿಸಿಯೇ ನಾವು ಟ್ರ್ಯಾಕಿಗೆ ಇಳಿದದ್ದು. ನನ್ನ ಪ್ರಕಾರ ನಾನು ಕೋಚ್ ಆಗಿ ಮಾಡಿದ ಅತ್ಯಂತ ಒಳ್ಳೆ ಕೆಲಸ ಇದು. ಇದರ ಹಿಂದೆ ಇರುವವಳು ಅವಳು.

ಹೆತ್ತೂರು, ಹಾನಬಾಳು ಕಡೆಯ ಮೊದಲ ಬಸ್ಸಿನ ಡ್ರೈವರ್, ಕಂಡಕ್ಟರುಗಳಿಗೆ, ನಮ್ಮ ಹುಡುಗಿ ಇಳಿಜಾರಿನಲ್ಲಿ ಓಡಿ ಬರುತ್ತಿರುವುದು ಕಂಡರೆ ಬಸ್ಸು ನಿಲ್ಲಿಸಿಕೊಂಡು ಕಾದದ್ದಕ್ಕೆ. ನೆಂಟರು ಆಡಿಕೊಂಡರೂ ಮಗಳಿಗೆ ನಾಲ್ಕು ಗಂಟೆಗೆ ಎದ್ದು ರೊಟ್ಟಿ ತಟ್ಟಿ ಕಳಿಸಿದ ಅಮ್ಮಂದಿರಿಗೆ. ಕೂಟದ ದಿನಗಳಲ್ಲಿ ಹುಡುಗಿಯರ ಹಾಜರಿ ಉಳಿಸಿ, ತಪ್ಪಿದ ಪಾಠ ಸಂಜೆ ಕೂತು ಹೇಳಿಕೊಟ್ಟ ನನ್ನ ಸಹೋದ್ಯೋಗಿಗಳಿಗೆ. ಭಾನುವಾರವನ್ನೂ ಗ್ರೌಂಡಿಗೆ ಕೊಟ್ಟ ನನ್ನ ಗಂಡ, ಮಗನಿಗೆ.

ನಾನು ಡಿಗ್ರಿ ಓದುವ ಕಾಲಕ್ಕೆ ಹೆಂಗಸರಿಗೆ ಒಲಿಂಪಿಕ್ಸ್‌ನಲ್ಲಿ ಹತ್ತು ಸಾವಿರ ಮೀಟರ್ ಓಟ ಇರಲೇ ಇಲ್ಲ. ಅದು ಬಂದದ್ದು 1988ರಲ್ಲಿ. ಐದು ಸಾವಿರ ಮೀಟರ್ 1996ರಲ್ಲಿ, ಅಡ್ಡಗಟ್ಟೆ, ನೀರಿನ ಗುಂಡಿ ಹಾರಿ ಓಡುವ ಸ್ಟೀಪಲ್‌ಚೇಸ್ 2008ರಲ್ಲಿ. ಪಿ.ಟಿ. ಉಷಾ 1984ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಕಂಚು ತಪ್ಪಿ ನಾಲ್ಕನೆಯವರಾದರು. ಹಾಸ್ಟೆಲಿನಲ್ಲಿ ಪೇಪರ್ ಓದಿ ಅತ್ತವರಲ್ಲಿ ನಾನೂ ಒಬ್ಬಳು. ಈ ಕೆಲಸಕ್ಕೆ ಬರಬೇಕು ಅನ್ನಿಸಿದ್ದು ಆವಾಗಲೇ. ಆಮೇಲೆ ನಮ್ಮ ಅಶ್ವಿನಿ ನಾಚಪ್ಪ ಓಡುವುದನ್ನು ನೋಡಿದೆವು. ಅವರನ್ನು ತಯಾರು ಮಾಡಿದ ಪುರುಷೋತ್ತಮ ರೈ ಅವರ ಹತ್ತಿರ ನಾನು ಕಲಿತವಳಲ್ಲ. ಆದರೆ ನಮ್ಮಂಥ ಊರಿನ ಕೋಚುಗಳಿಗೆಲ್ಲ ಅವರು ಮುಂದೆ ಕಾಣುತ್ತಿದ್ದ ಬೆನ್ನು. 2020ರಲ್ಲಿ ಅವರಿಗೆ ದ್ರೋಣಾಚಾರ್ಯ ಪ್ರಶಸ್ತಿ ಬಂತು. ಪಡೆಯುವ ಹಿಂದಿನ ದಿನ, ಆಗಸ್ಟ್ 28ರಂದು, ತೀರಿಕೊಂಡರು. ನನ್ನ ಶಾಲು, ಹಾರವನ್ನು ಕೈಯಾರೆ ತೆಗೆದುಕೊಂಡು ಮನೆಗೆ ಬಂದ ರಾತ್ರಿ ಅವರ ನೆನಪು ಬಹಳ ಬಂತು.

ಹೊಸ ಮೇಡಂ ಬಂದಿದ್ದಾರೆ. ಹೈಜಂಪ್ ಮಾಡಿದವರು, ಕ್ರಾಸ್ ಕಂಟ್ರಿ ಬಗ್ಗೆ ಕೇಳಿ ಕೇಳಿ ಬರೆದುಕೊಂಡರು. ಅವರಿಗೆ ತೋಟದವರ, ವಾಚರ್‌ಗಳ, ಲ್ಯಾಬಿನ ತಂಗಿಯ ನಂಬರು ಕೊಟ್ಟಿದ್ದೇನೆ. ಅವರಿಗೂ ನನಗೆ ಸಿಕ್ಕಷ್ಟೇ ಸಹಾಯ ಮಾಡಿ, ಇದು ನನ್ನ ಕಳಕಳಿಯ ಕೋರಿಕೆ.

ಟೈಮಿಂಗ್ ಬರೆದಿಟ್ಟ ನೋಟ್‌ಬುಕ್ಕುಗಳು ಮಾತ್ರ ನನ್ನ ಹತ್ತಿರವೇ ಇವೆ. ಅದರಲ್ಲಿ ಗೆದ್ದವರದ್ದು ಮಾತ್ರವಲ್ಲ, ಓಡಿದ ಪ್ರತಿಯೊಬ್ಬರದ್ದೂ ಇದೆ. ನಿಮ್ಮದು ಬೇಕಿದ್ದರೆ ಯಾವ ವರ್ಷ, ಯಾವ ಓಟ ಅಂತ ಒಂದು ಮೆಸೇಜ್ ಹಾಕಿ, ಪುಟದ ಫೋಟೋ ಕಳಿಸುತ್ತೇನೆ. ಊರಿನ ಕಡೆ ಬಂದರೆ ಮನೆಗೇ ಬನ್ನಿ, ಮಕ್ಕಳನ್ನೂ ಕರೆದುಕೊಂಡು ಬನ್ನಿ.