ನಾವಿಲ್ಲದ ದಿನಗಳಲ್ಲಿ ಜೊತೆಗಿದ್ದವರಿಗೆ

ಅಂಗವೈಕಲ್ಯ ಇರುವ, ಇಲ್ಲವೇ ಬೆನ್ನಿಗೆ ಯಾರೂ ಇಲ್ಲದ ಯುವಜನರು ಕೆಲಸ ಹಿಡಿದು ಅದರಲ್ಲಿ ನಿಲ್ಲಲು ನೆರವಾಗುವ ಸಂಸ್ಥೆ ನಮ್ಮದು. ಹೋದ ವಾರ ನಮ್ಮ ಮೊದಲ ತಂಡದ ಕೊನೆಯ ಫೈಲ್ ಮುಚ್ಚಿದೆವು. ನಮ್ಮ ಕೆಲಸದಲ್ಲಿ ಫೈಲ್ ಮುಚ್ಚುವುದು ಸಂತೋಷದ ಸುದ್ದಿ. ಆ ಹುಡುಗನಿಗೋ ಹುಡುಗಿಗೋ ಇನ್ನು ಜಾಬ್ ಕೋಚ್, ಅಂದರೆ ಕೆಲಸದ ಜಾಗದಲ್ಲಿ ಜೊತೆಗಿದ್ದು ಕಲಿಸುವವರು, ಬೇಕಿಲ್ಲ, ತೊಂದರೆ ಬಂದರೆ ಕೆಲಸದ ಜಾಗದವರೇ ಕೂತು ಬಗೆಹರಿಸಿಕೊಳ್ಳುತ್ತಾರೆ ಎಂದರ್ಥ.

ತಂಡದವರೆಲ್ಲ ಮೊದಲು ಸೇರಿದ ಕೆಲಸದಲ್ಲೇ ಇದ್ದಾರೆ ಎಂದು ಹೇಳಲಾರೆ. ಕೆಲವರು ಕೆಲಸ ಬದಲಿಸಿದರು. ಕೆಲವರು ಓದಿಗೆ ಮರಳಿದರು. ಆದರೆ ಹೆಚ್ಚಿನವರು ಇವತ್ತೂ ದುಡಿಯುತ್ತಿದ್ದಾರೆ. ಸಂಬಳ ಜಾಸ್ತಿ ಮಾಡಿ ಎಂದು ಕೇಳುವಷ್ಟು ಧೈರ್ಯವೂ ಅವರಿಗೆ ಬಂದಿದೆ. ಇಷ್ಟಾದ ಮೇಲೆ ಥ್ಯಾಂಕ್ಸ್ ಹೇಳದೆ ಮುಂದಿನ ತಂಡ ಶುರು ಮಾಡಲು ಮನಸ್ಸು ಬರಲಿಲ್ಲ.

ಇವರಿಗೆಲ್ಲ ಕೆಲಸ ಕೊಡಿಸಿದವರು ನೀವು ಎಂದು ಜನ ನಮಗೆ ಹೇಳುತ್ತಾರೆ. ಕೆಲಸ ಸಿಗುವುದು ಒಂದು ದಿನದ ಮಾತು. ಅದರಲ್ಲಿ ನಿಲ್ಲುವುದು ದಿನದಿನದ ಮಾತು. ಆ ದಿನಗಳಲ್ಲಿ ಬಹುಪಾಲು ನಾವು ಅಲ್ಲಿರಲಿಲ್ಲ. ಇದ್ದವರು ಸೂಪರ್‌ವೈಸರ್‌ಗಳು, ಪಕ್ಕದ ಮೇಜಿನವರು, ಹಾಜರಿ ನೋಡಿಕೊಳ್ಳುವವರು, ಗೇಟಿನಲ್ಲಿ ನಿಲ್ಲುವವರು. ಈ ಬರಹ ಮೊದಲು ಅವರಿಗೆ.

ಪ್ಯಾಕಿಂಗ್ ವಿಭಾಗದ ಸೂಪರ್‌ವೈಸರ್ ಸರ್, ನಿಮ್ಮಿಂದಲೇ ಶುರು ಮಾಡುತ್ತೇನೆ. ಬೌದ್ಧಿಕ ಅಂಗವೈಕಲ್ಯ ಇರುವ ಆ ಹುಡುಗ ನಿಮ್ಮಲ್ಲಿಗೆ ಬಂದಾಗ ಅವನಿಗೆ ಓದಲು ಬರುತ್ತಿರಲಿಲ್ಲ. ಒಟ್ಟಿಗೆ ನಾಲ್ಕು ಮಾತು ಹೇಳಿದರೆ ಮೊದಲನೆಯದು ಮಾತ್ರ ನೆನಪಿರುತ್ತಿತ್ತು. ನಮ್ಮ ಜಾಬ್ ಕೋಚ್ ಇಡೀ ಕೆಲಸವನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಬಿಡಿಸಿ, ಒಂದೊಂದಕ್ಕೂ ಫೋಟೊ ತೆಗೆದು ಗೋಡೆಗೆ ಅಂಟಿಸಿದರು. ಅಲ್ಲಿಯವರೆಗಿನದು ನಮ್ಮ ಕೆಲಸ. ಆಮೇಲಿನದು ನಿಮ್ಮದು. ಅವನು ಲೇಬಲ್ ಹಚ್ಚುವಾಗ ಪದೇ ಪದೇ ತಪ್ಪುತ್ತಿದ್ದದ್ದನ್ನು ನೀವು ಗಮನಿಸಿದಿರಿ. 'ಇವನ ಕೈಲಿ ಆಗಲ್ಲ' ಎಂದು ನಮಗೆ ಫೋನ್ ಮಾಡಬಹುದಿತ್ತು. ನೀವು ಹಾಗೆ ಮಾಡದೆ, ಲೇಬಲ್ ಕೂರಬೇಕಾದ ಜಾಗದಷ್ಟೇ ಕಿಟಕಿ ಕತ್ತರಿಸಿದ ರಟ್ಟೊಂದನ್ನು ಮಾಡಿಕೊಟ್ಟಿರಿ. ರಟ್ಟು ಇಡು, ಕಿಟಕಿಯೊಳಗೆ ಲೇಬಲ್ ಅಂಟಿಸು. ತಪ್ಪುವುದು ನಿಂತಿತು. ಈಗ ಆ ವಿಭಾಗದ ಎಲ್ಲರೂ ಅದೇ ರಟ್ಟು ಬಳಸುತ್ತಾರೆ ಎಂದು ಕೇಳಿ ನಮಗೆಲ್ಲ ಎಷ್ಟು ಖುಷಿಯಾಯಿತು ಗೊತ್ತಾ?

ನಿಮಗೆ ಗೊತ್ತಿಲ್ಲದೆಯೇ ನೀವು ಒಂದು ದೊಡ್ಡ ಪರಂಪರೆಗೆ ಸೇರಿದ್ದೀರಿ ಸರ್. 1970ರ ದಶಕದಲ್ಲಿ ಅಮೆರಿಕದ ಮಾರ್ಕ್ ಗೋಲ್ಡ್ ಎಂಬವರು, ಏನನ್ನೂ ಕಲಿಯಲಾರರು ಎಂದು ಎಲ್ಲರೂ ಕೈಬಿಟ್ಟಿದ್ದ ಜನರಿಗೆ ಸೈಕಲ್ ಬ್ರೇಕಿನ ಬಿಡಿಭಾಗಗಳನ್ನು ಜೋಡಿಸಲು ಕಲಿಸಿ ತೋರಿಸಿದರು. ಕಲಿಯುವವನಿಗೆ ಬರಲಿಲ್ಲ ಎಂದರೆ ಕಲಿಸುವವನು ದಾರಿ ಬದಲಿಸಬೇಕು ಎಂಬುದು ಅವರ ನಂಬಿಕೆ. ನಮ್ಮ ಜಾಬ್ ಕೋಚ್‌ಗಳಿಗೆ ಇದನ್ನು ತರಬೇತಿಯಲ್ಲಿ ಹೇಳಿಕೊಡುತ್ತೇವೆ. ನೀವು ಯಾರೂ ಹೇಳಿಕೊಡದೆ ಮಾಡಿದಿರಿ.

ಗಾರ್ಮೆಂಟ್ ಲೈನಿನ ಅಕ್ಕಂದಿರಿಗೆ ಹೇಗೆ ಥ್ಯಾಂಕ್ಸ್ ಹೇಳಲಿ? ಕಿವಿ ಕೇಳದ ಆ ಹುಡುಗಿಗೆ ಹೊಲಿಗೆ ನಮಗಿಂತ ಚೆನ್ನಾಗಿ ಬರುತ್ತಿತ್ತು. ಕೆಲಸದ ಬಗ್ಗೆ ಯಾರಿಗೂ ಚಿಂತೆ ಇರಲಿಲ್ಲ. ಆದರೆ ಇಷ್ಟು ಕಾಲ ಈ ಕೆಲಸ ಮಾಡಿ ನಾವು ಕಂಡುಕೊಂಡದ್ದು ಒಂದಿದೆ. ಕೆಲಸ ಬರದೆ ಕೆಲಸ ಬಿಡುವವರು ಕಮ್ಮಿ. ಊಟದ ಹೊತ್ತಿನಲ್ಲಿ ಒಬ್ಬರೇ ಕೂತು ಕೂತು ಬಿಡುವವರೇ ಜಾಸ್ತಿ. ಸುತ್ತ ಎಲ್ಲರೂ ನಗುತ್ತಿರುತ್ತಾರೆ, ಯಾಕೆ ಅಂತ ಇವರಿಗೆ ಗೊತ್ತಾಗುವುದಿಲ್ಲ. ಕೇಳಿದರೆ 'ಏನಿಲ್ಲ, ಆಮೇಲೆ ಹೇಳ್ತೀನಿ' ಎಂಬ ಸನ್ನೆ. ಆ ಆಮೇಲೆ ಬರುವುದೇ ಇಲ್ಲ. ದಿನಾ ಹೀಗಾದರೆ ಎಂಥ ಸಂಬಳವೂ ಒಬ್ಬರನ್ನು ಹಿಡಿದು ನಿಲ್ಲಿಸದು.

ನಿಮ್ಮ ಲೈನಿನಲ್ಲಿ ಹಾಗಾಗಲಿಲ್ಲ. ಸನ್ನೆ ಭಾಷೆಯ ಪಾಠಕ್ಕೆ ಕೂತುಕೊಳ್ಳಿ ಎಂದು ಯಾರೂ ನಿಮ್ಮನ್ನು ಒತ್ತಾಯಿಸಲಿಲ್ಲ. ಊಟದ ಬಿಡುವಿನಲ್ಲಿ ಆ ಹುಡುಗಿಯಿಂದಲೇ ಕಲಿತಿರಿ. ದಾರ, ಗುಂಡಿ, ಬೇಗ, ತಡ, ತಲೆನೋವು, ಸುಸ್ತು. ಆಮೇಲೆ ಮನೆಯ ಸುದ್ದಿ, ಜಗಳದ ಸುದ್ದಿ. ನಿಮ್ಮಲ್ಲಿ ಒಬ್ಬರಂತೂ ಬೆಂಕಿಯ ಸೈರನ್ ಅವಳಿಗೆ ಕೇಳುವುದಿಲ್ಲ ಅಲ್ವಾ ಎಂದು ಮ್ಯಾನೇಜರ್ ಹತ್ತಿರ ಹೋಗಿ ಕೇಳಿದಿರಿ. ಸೈರನ್ ಜೊತೆ ಮಿನುಗುವ ದೀಪ ಬಂದದ್ದು ಆ ಪ್ರಶ್ನೆಯಿಂದ. ನಾವು ಸಿದ್ಧ ಮಾಡಿಕೊಂಡು ಹೋಗಿದ್ದ ಪಟ್ಟಿಯಲ್ಲೂ ಆ ದೀಪ ಇತ್ತು. ಆದರೆ ಹೊರಗಿನ ಸಂಸ್ಥೆಯೊಂದು ಕೇಳುವುದಕ್ಕೂ, ಪಕ್ಕದಲ್ಲಿ ಕೂತು ದುಡಿಯುವವಳು ಕೇಳುವುದಕ್ಕೂ ತುಂಬ ವ್ಯತ್ಯಾಸವಿದೆ.

ಅಂಗವಿಕಲರನ್ನು ಕೆಲಸಕ್ಕೆ ಇಟ್ಟುಕೊಂಡರೆ ಖರ್ಚು ಜಾಸ್ತಿ ಎಂಬ ಮಾತು ನಮಗೆ ಪ್ರತಿ ಬಾಗಿಲಲ್ಲೂ ಎದುರಾಗುತ್ತದೆ. ಅಮೆರಿಕದಲ್ಲಿ ಜಾಬ್ ಅಕಾಮಡೇಶನ್ ನೆಟ್‌ವರ್ಕ್ ಎಂಬ ಸಲಹಾ ಸೇವೆ ಬಹಳ ವರ್ಷಗಳಿಂದ ಕೆಲಸ ಕೊಡುವವರನ್ನೇ ಕೇಳಿ ಲೆಕ್ಕ ಇಟ್ಟಿದೆ. ಅಂಗವಿಕಲರು ಕೆಲಸ ಮಾಡಲು ಅನುಕೂಲವಾಗುವಂತೆ ಮಾಡಿಕೊಟ್ಟ ಹೊಂದಾಣಿಕೆಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಒಂದು ಕಾಸೂ ಖರ್ಚಾಗುವುದಿಲ್ಲ ಎಂದು ಅದು ಮತ್ತೆ ಮತ್ತೆ ಹೇಳಿದೆ. ಶಿಫ್ಟ್ ಬದಲಿಸುವುದು, ಕೂರುವ ಜಾಗ ಬದಲಿಸುವುದು, ಬಾಯಲ್ಲಿ ಹೇಳುವುದನ್ನು ಬರೆದು ಕೊಡುವುದು ಇಂಥವೇ ಎಷ್ಟೋ ಇರುತ್ತವೆ. ಇಷ್ಟನ್ನು ಮಾಡಿಕೊಡುವುದು ದಯೆಯೂ ಅಲ್ಲ. 2006ರಲ್ಲಿ ವಿಶ್ವಸಂಸ್ಥೆ ಒಪ್ಪಿಕೊಂಡ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 27ನೇ ವಿಧಿ ಇದನ್ನು ಕೆಲಸಗಾರರ ಹಕ್ಕು ಎಂದೇ ಹೇಳುತ್ತದೆ. ಹಕ್ಕಾದರೂ ಕೊಡುವವರು ಮನಸ್ಸಿಟ್ಟು ಕೊಟ್ಟಾಗ ಥ್ಯಾಂಕ್ಸ್ ಹೇಳಬಾರದು ಎಂದೇನಿಲ್ಲವಲ್ಲ.

ಆಫೀಸೊಂದರ ಐಟಿ ವಿಭಾಗದ ತಮ್ಮನಿಗೂ ಒಂದು ಮಾತು. ಕಣ್ಣು ಕಾಣದ ಹೊಸ ಸಹೋದ್ಯೋಗಿಯ ಕಂಪ್ಯೂಟರಿಗೆ ಸ್ಕ್ರೀನ್ ರೀಡರ್, ಅಂದರೆ ಪರದೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶ, ಹಾಕಲು ಅನುಮತಿ ಬೇಕಿತ್ತು. ಆ ಅರ್ಜಿ ನಾಲ್ಕು ಮೇಜು ದಾಟಬೇಕಿತ್ತು. ನೀವು ಪ್ರತಿ ಮೇಜಿಗೂ ಖುದ್ದಾಗಿ ಹೋದಿರಿ. ಅಷ್ಟಕ್ಕೇ ನಿಲ್ಲಿಸಲಿಲ್ಲ. ಆಫೀಸಿನವರು ಕಾಗದ ಸ್ಕ್ಯಾನ್ ಮಾಡಿ ಹಾಗೇ ಕಳಿಸಿದರೆ ಅದು ಬರೀ ಚಿತ್ರ, ಸ್ಕ್ರೀನ್ ರೀಡರ್ ಅದನ್ನು ನೇರವಾಗಿ ಓದಲಾರದು ಎಂದು ಎಲ್ಲರಿಗೂ ತೋರಿಸಿಕೊಟ್ಟಿರಿ. ಆ ಸಹೋದ್ಯೋಗಿ ಬಳಸುವುದು ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್. ಆಸ್ಟ್ರೇಲಿಯಾದ ಮೈಕಲ್ ಕರನ್ ಮತ್ತು ಜೇಮ್ಸ್ ಟೆ ಎಂಬ ಇಬ್ಬರು ಅಂಧ ಗೆಳೆಯರು ಕಟ್ಟಿ ಬೆಳೆಸಿದ ತಂತ್ರಾಂಶ ಅದು. 2006ರಲ್ಲಿ ಶುರುವಾಯಿತು. ದುಬಾರಿ ತಂತ್ರಾಂಶ ಕೊಳ್ಳಲಾಗದವರಿಗೂ ಕಂಪ್ಯೂಟರ್ ದಕ್ಕಬೇಕು ಎಂದು ಇವತ್ತಿಗೂ ಅದನ್ನು ಉಚಿತವಾಗಿಯೇ ಕೊಡುತ್ತಾರೆ. ನಮ್ಮ ತಂಡದಲ್ಲಿ ಕಂಪ್ಯೂಟರ್ ಮುಂದೆ ಕೂತು ದುಡಿಯುವ ಅಂಧರೆಲ್ಲರ ಕೆಲಸ ನಿಂತಿರುವುದು ಅದರ ಮೇಲೆ. ಅವರಿಬ್ಬರಿಗೂ ಇಲ್ಲಿಂದಲೇ ನಮಸ್ಕಾರ.

ಇನ್ನು ಅಂಗವೈಕಲ್ಯ ಇಲ್ಲದ, ಆದರೆ ಬೆನ್ನಿಗೆ ಯಾರೂ ಇಲ್ಲದ ಹುಡುಗ ಹುಡುಗಿಯರ ವಿಷಯ. ಅನಾಥಾಲಯದಲ್ಲಿ ಬೆಳೆದವರು, ಓದು ಅರ್ಧಕ್ಕೆ ಬಿಟ್ಟವರು, ಕಾಯಿಲೆ ಬಿದ್ದ ಅಪ್ಪನನ್ನೋ ಅಮ್ಮನನ್ನೋ ನೋಡಿಕೊಳ್ಳುತ್ತ ಹದಿಹರೆಯ ಕಳೆದವರು. 2023ರಲ್ಲಿ ಜಗತ್ತಿನ ಯುವಜನರಲ್ಲಿ ಸುಮಾರು ಐವರಿಗೆ ಒಬ್ಬರು ಓದಿನಲ್ಲೂ ಇರಲಿಲ್ಲ, ಕೆಲಸದಲ್ಲೂ ಇರಲಿಲ್ಲ, ತರಬೇತಿಯಲ್ಲೂ ಇರಲಿಲ್ಲ ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಹೇಳುತ್ತದೆ. ಅವರಲ್ಲಿ ಮೂರರಲ್ಲಿ ಎರಡು ಪಾಲು ಹುಡುಗಿಯರು. ಇವರನ್ನು ಸೋಮಾರಿಗಳು ಎಂದು ಸುಲಭವಾಗಿ ಕರೆಯುವವರು ಒಂದು ದಿನ ಅವರ ಮನೆಯಲ್ಲಿದ್ದು ನೋಡಬೇಕು. ಬೆಳಗಿನಿಂದ ರಾತ್ರಿಯವರೆಗೆ ದುಡಿಯುವ ಹುಡುಗಿಯರು ಅವರು. ಆ ದುಡಿಮೆಗೆ ಸಂಬಳ ಇಲ್ಲ ಅಷ್ಟೇ.

ಇವರಿಗೆ ಅತಿ ಕಷ್ಟದ ಕಾಲ ಮೊದಲ ತಿಂಗಳು. ಸಂಬಳ ಬರುವುದು ತಿಂಗಳ ಕೊನೆಗೆ. ಓಡಾಟದ ಖರ್ಚು ಮೊದಲ ದಿನದಿಂದಲೇ ಶುರು. ಸಾಲ ಕೇಳಲು ಅಣ್ಣ ಇಲ್ಲ, ಮಾವ ಇಲ್ಲ. ಕೈಯಲ್ಲಿದ್ದ ದುಡ್ಡು ಖಾಲಿಯಾಗುತ್ತದೆ, ನಡೆದು ಹೋಗುತ್ತಾರೆ, ತಡವಾಗುತ್ತದೆ, ಬೈಗುಳ ಬೀಳುತ್ತದೆ. ಮಾರನೇ ದಿನ ಹೋಗಲು ಮುಖ ಇರುವುದಿಲ್ಲ. ಹೊರಗಿನಿಂದ ನೋಡಿದವರಿಗೆ 'ಹೇಳದೆ ಕೇಳದೆ ಬಿಟ್ಟು ಹೋದ' ಅಷ್ಟೇ ಕಾಣುವುದು.

ಹಾಗೆ ಒಬ್ಬ ಹುಡುಗ ಕೆಲಸಕ್ಕೆ ಬಾರದೆ ಹೋದಾಗ ಹಾಜರಿ ನೋಡಿಕೊಳ್ಳುವ ಮೇಡಂ ಅವನ ಹೆಸರು ಹೊಡೆದು ಹಾಕಲಿಲ್ಲ. ಫೋನ್ ಮಾಡಿದರು. ಅವನು ಎತ್ತಲಿಲ್ಲ. ಮತ್ತೆ ಮಾಡಿದರು. ಎತ್ತಿದಾಗ 'ಯಾಕಪ್ಪಾ ಬರಲಿಲ್ಲ' ಎಂದು ಕೇಳಿದರೇ ಹೊರತು 'ಬರಬೇಡ' ಎನ್ನಲಿಲ್ಲ. ವಿಷಯ ತಿಳಿದ ಮೇಲೆ ಸಂಬಳದಲ್ಲಿ ಒಂದು ಪಾಲು ಮುಂಗಡವಾಗಿ ಕೊಡಿಸಿದರು. ಅವನು ಈಗ ಅಲ್ಲಿಯೇ ಸ್ಟೋರ್ಸ್ ನೋಡಿಕೊಳ್ಳುತ್ತಾನೆ. ಹೊಸಬರು ಸೇರಿದರೆ ಮೊದಲ ತಿಂಗಳ ಮುಂಗಡದ ಬಗ್ಗೆ ಅವರಿಗೆ ತಾನೇ ಹೇಳುತ್ತಾನೆ. ಮೇಡಂ, ನೀವು ಮಾಡಿದ ಆ ಎರಡನೇ ಫೋನ್ ಕಾಲಿಗೆ ನಾವು ಎಂದಿಗೂ ಋಣಿಗಳು. ನಮ್ಮ ಎಷ್ಟೋ ತಿಂಗಳ ತರಬೇತಿ ಉಳಿದದ್ದು ಅದರಿಂದ.

ತಾಯಂದಿರೇ, ನಿಮ್ಮನ್ನು ಮರೆತಿಲ್ಲ. ಮಗಳು ಒಬ್ಬಳೇ ಬಸ್ ಹತ್ತಿ ಹೋಗುತ್ತಾಳೆ ಎಂದಾಗ ನಿಮ್ಮ ಮುಖದಲ್ಲಿ ಕಂಡ ಭಯ ನಮಗೆ ನೆನಪಿದೆ. ಇಪ್ಪತ್ತು ವರ್ಷ ಅವಳ ಕೈ ಹಿಡಿದು ನಡೆದವರು ನೀವು. ಬಿಡಿ ಎಂದು ಹೇಳುವುದು ನಮಗೆ ಸುಲಭ. ಇನ್ನೊಂದು ಭಯವೂ ಇತ್ತು, ಅದನ್ನು ನೀವು ಮೆಲ್ಲಗೆ ಹೇಳಿದಿರಿ. ಕೆಲಸಕ್ಕೆ ಸೇರಿದರೆ ಈಗ ಬರುತ್ತಿರುವ ಅಂಗವಿಕಲರ ಪಿಂಚಣಿ ನಿಂತು ಹೋಗುತ್ತದಾ? ನಾಳೆ ಕೆಲಸವೂ ಹೋದರೆ ಎರಡೂ ಇಲ್ಲವಲ್ಲಾ? ಇದು ಸುಮ್ನೆ ಹುಟ್ಟಿದ ಭಯ ಅಲ್ಲ. ಎಷ್ಟೋ ದೇಶಗಳಲ್ಲಿ ನಿಯಮಗಳು ಹಾಗೆಯೇ ಇವೆ. ದುಡಿಯಲು ಹೊರಟವರ ಕಾಲಡಿಯ ನೆಲವನ್ನೇ ಮೊದಲು ಎಳೆದುಕೊಳ್ಳುವ ನಿಯಮಗಳು ಬದಲಾಗಲೇಬೇಕು ಎಂದು ನಾನು ಬಲವಾಗಿ ನಂಬುತ್ತೇನೆ. ಅದನ್ನೆಲ್ಲ ಯೋಚಿಸಿಯೂ ನೀವು ಹೂಂ ಎಂದಿರಿ. ನಿಮ್ಮ ಆ ಧೈರ್ಯ ದೊಡ್ಡದು.

ನಡುವೆ ನಮಗೆ ಹಣ ನಿಂತ ಕಾಲವೊಂದಿತ್ತು. ಹಣ ಕೊಡುತ್ತಿದ್ದವರು ಎಷ್ಟು ಜನಕ್ಕೆ ಕೆಲಸ ಕೊಡಿಸಿದಿರಿ ಎಂದಷ್ಟೇ ಕೇಳುತ್ತಿದ್ದರು. ಆ ಲೆಕ್ಕ ಒಂದನ್ನೇ ಹಿಡಿದುಕೊಂಡರೆ ಸುಲಭವಾಗಿ ಕೆಲಸ ಸಿಗುವವರನ್ನೇ ಆರಿಸಿಕೊಳ್ಳುವ ಆಸೆ ಹುಟ್ಟುತ್ತದೆ. ಕಷ್ಟದವರು ಮತ್ತೆ ಹಿಂದೆಯೇ ಉಳಿಯುತ್ತಾರೆ. ನಾವು ಒಪ್ಪಲಿಲ್ಲ, ಹಣ ನಿಂತಿತು. ಆಗ ಕೈಹಿಡಿದವರು ಹಲವರು. ಅರ್ಧ ಸಂಬಳಕ್ಕೆ ದುಡಿದ ನಮ್ಮ ಜಾಬ್ ಕೋಚ್‌ಗಳು, ಬಾಡಿಗೆಗೆ ಸಮಯ ಕೊಟ್ಟ ಕಟ್ಟಡದ ಮಾಲೀಕರು, ದುಡ್ಡು ಕೇಳದೆ ಇಂಟರ್‌ವ್ಯೂಗಳಿಗೆ ಬಂದ ಸನ್ನೆ ಭಾಷೆಯ ದುಭಾಷಿ. ಆಮೇಲೆ ಒಬ್ಬ ದಾನಿ ಬಂದರು. ಅವರ ಮೊದಲ ಪ್ರಶ್ನೆ, 'ವರ್ಷದ ಹಿಂದೆ ಸೇರಿದವರಲ್ಲಿ ಈಗಲೂ ಎಷ್ಟು ಜನ ಕೆಲಸದಲ್ಲಿದ್ದಾರೆ?' ಅಂಥ ಪ್ರಶ್ನೆಗೆ ನಾವು ಎಷ್ಟು ಕಾದಿದ್ದೆವೋ!

ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವವರ ಜೊತೆ ಕೆಲಸ ಮಾಡಲು ನಮಗೆ ಕಲಿಸಿದ ಹಿರಿಯರಿಗೂ ಕೃತಜ್ಞತೆ. ಪೂರ್ತಿ ಗುಣವಾಗಲಿ, ಆಮೇಲೆ ಕೆಲಸ ಎಂಬುದು ಎಲ್ಲೆಡೆ ಕೇಳುವ ಮಾತು. ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಡೆಬೊರಾ ಬೆಕರ್ ಮತ್ತು ರಾಬರ್ಟ್ ಡ್ರೇಕ್ 1990ರ ದಶಕದಲ್ಲಿ ರೂಪಿಸಿದ ವಿಧಾನ ಇದನ್ನು ತಿರುಗಿಸಿತು. ಕೆಲಸ ಮಾಡುವ ಆಸೆ ಇದ್ದರೆ ಸಾಕು, ಅದೇ ಅರ್ಹತೆ. ಮೊದಲು ನಿಜವಾದ ಕೆಲಸ ಹುಡುಕು, ಕಲಿಕೆ ಅಲ್ಲೇ ಆಗಲಿ, ನೆರವನ್ನು ಅವಧಿ ಹಾಕಿ ನಿಲ್ಲಿಸಬೇಡ. ಹಲವು ದೇಶಗಳಲ್ಲಿ ಪರೀಕ್ಷಿಸಿ ನೋಡಿದಾಗ ಹಳೆಯ ದಾರಿಗಿಂತ ಈ ದಾರಿಯಲ್ಲಿ ಹೆಚ್ಚು ಜನ ಕೆಲಸ ಹಿಡಿದರು. ನಮ್ಮ ಹುಡುಗರಲ್ಲೂ ಅದನ್ನೇ ಕಂಡೆವು.

ಕೆಲಸ ಬಿಟ್ಟವರಿಗೂ ಥ್ಯಾಂಕ್ಸ್ ಹೇಳಬೇಕು. ಬಿಟ್ಟ ಕಾರಣವನ್ನು ಮುಚ್ಚಿಡದೆ ಹೇಳಿದ್ದಕ್ಕೆ. ಒಬ್ಬ ಹುಡುಗಿ ರಾತ್ರಿಯ ಮಾತ್ರೆಯಿಂದ ಬೆಳಗ್ಗೆ ಎಷ್ಟೇ ಮಾಡಿದರೂ ಕಣ್ಣು ಬಿಡಲಾಗದು ಎಂದಳು. ಅವಳ ನಂತರ ಅಲ್ಲಿಗೆ ಹೋದವರಿಗೆ ತಡವಾಗಿ ಶುರುವಾಗುವ ಶಿಫ್ಟ್ ಕೇಳಿ ಪಡೆದೆವು. ಅವಳಿಗೂ ಬೇರೆ ಕಡೆ, ಮಧ್ಯಾಹ್ನದ ಕೆಲಸ ಸಿಕ್ಕಿತು. ಇನ್ನೊಬ್ಬ, ಆಟಿಸಂ ಇರುವ ಹುಡುಗ, ಟ್ಯೂಬ್‌ಲೈಟಿನ ಗುಂಯ್ ಸದ್ದು ತಡೆಯಲಾಗದು ಎಂದು ಬರೆದು ಕೊಟ್ಟ. ನಮಗ್ಯಾರಿಗೂ ಆ ಸದ್ದು ಕೇಳಿಸಿಯೇ ಇರಲಿಲ್ಲ. ಈಗ ಯಾವ ಹೊಸ ಜಾಗಕ್ಕೆ ಹೋದರೂ ನಾವು ಮೊದಲು ದೀಪ ನೋಡುತ್ತೇವೆ, ಸದ್ದು ಕೇಳುತ್ತೇವೆ.

ಕೊನೆಗೆ, ಮೊದಲ ತಂಡದ ಹುಡುಗ ಹುಡುಗಿಯರೇ. ಅಷ್ಟು ಇಂಟರ್‌ವ್ಯೂಗಳಲ್ಲಿ 'ತಿಳಿಸ್ತೀವಿ' ಎಂಬ ಉತ್ತರ ಕೇಳಿಯೂ ಮತ್ತೊಂದಕ್ಕೆ ಬಟ್ಟೆ ಇಸ್ತ್ರಿ ಮಾಡಿಕೊಂಡು ಬಂದವರು ನೀವು. ಈ ಕೆಲಸಗಳನ್ನು ಉಳಿಸಿಕೊಂಡದ್ದು ನಿಮ್ಮ ಶ್ರಮ. ನಾವು ಬಾಗಿಲವರೆಗೆ ಬಂದೆವು, ಒಳಗೆ ಹೋಗಿ ದುಡಿದವರು ನೀವೇ.

ಮುಂದಿನ ತಂಡ ಬರುವ ತಿಂಗಳು ಶುರುವಾಗುತ್ತದೆ. ಮೊದಲ ದಿನ ಹೊಸಬರ ಜೊತೆ ಕೂತು ಮಾತಾಡಲು ಪ್ಯಾಕಿಂಗ್ ವಿಭಾಗದ ನಮ್ಮ ಹುಡುಗ ಒಪ್ಪಿದ್ದಾನೆ. ಗಾರ್ಮೆಂಟ್ ಲೈನಿನ ಹುಡುಗಿಯೂ ಬರುತ್ತಾಳೆ, ಅವಳ ಸನ್ನೆಯನ್ನು ಮಾತಾಗಿಸಲು ಅವಳ ಲೈನಿನ ಅಕ್ಕ ಒಬ್ಬರು ಜೊತೆಗೆ ಬರುತ್ತಾರಂತೆ. ಇವರಿಬ್ಬರಿಗೂ ಆ ದಿನ ರಜೆ ಹೊಂದಿಸಿಕೊಟ್ಟ ಸೂಪರ್‌ವೈಸರ್‌ಗಳಿಗೆ ಈಗಲೇ ಥ್ಯಾಂಕ್ಸ್ ಹೇಳಿಬಿಡುತ್ತೇನೆ. ನಿಮ್ಮ ಕೆಲಸದ ಜಾಗದಲ್ಲಿ ಒಬ್ಬರಿಗೆ ಅವಕಾಶ ಇದ್ದರೆ ನಮಗೆ ತಿಳಿಸಿ. ಜಾಬ್ ಕೋಚ್ ಜೊತೆಗೆ ಬರುತ್ತಾರೆ, ಬೇಕಿರುವಷ್ಟು ದಿನ ಇರುತ್ತಾರೆ.