ಮನೆಗೆಲಸದ ಹೆಣ್ಣುಮಕ್ಕಳಿಗೆ ಅಕ್ಕಿಗಿಂತ ಬೇಳೆ-ಎಣ್ಣೆ ಬೇಕಾಗಿದೆ

ಬೆಂಗಳೂರು, ಮೇ 2021

ಮಾನ್ಯರೇ,

ಮೇ 10ರಿಂದ ಲಾಕ್‌ಡೌನ್ ಬಿಗಿಯಾದ ಮೇಲೆ, ದಿನಕ್ಕೆ ನಾಲ್ಕೈದು ಮನೆ ಸುತ್ತಿ ಪಾತ್ರೆ-ಬಟ್ಟೆ ಮಾಡುತ್ತಿದ್ದ ಹೆಣ್ಣುಮಕ್ಕಳು ಕೆಲಸವಿಲ್ಲದೆ ಕೂತಿದ್ದಾರೆ. ಬಾಡಿಗೆ ಮಾತ್ರ ನಿಂತಿಲ್ಲ.

ಇವರಿಗೆ ನೆರವಾಗಲು ನಾವು ದಿನಸಿ ಕಿಟ್ ಕಟ್ಟುತ್ತಿದ್ದೇವೆ. ದಯವಿಟ್ಟು ಅಕ್ಕಿ ಮೂಟೆ ಕಳಿಸಬೇಡಿ. ಬಿಪಿಎಲ್ ಕಾರ್ಡಿದ್ದವರಿಗೆ ಮೇ ಮತ್ತು ಜೂನ್‌ನಲ್ಲಿ ಕೇಂದ್ರದಿಂದ ತಲಾ 5 ಕೆ.ಜಿ. ಧಾನ್ಯ ಹೆಚ್ಚುವರಿಯಾಗಿ ಬರುತ್ತಿದೆ. ಅನ್ನವಾಗುತ್ತದೆ, ಸಾರಿಗೆ ಬೇಳೆಯಿಲ್ಲ. ಕೈ ಬಿಗಿಯಾದಾಗ ಮೊದಲು ಬೇಳೆ ಹೋಗುತ್ತದೆ, ಆಮೇಲೆ ಎಣ್ಣೆ, ಸೋಪು, ಕೊನೆಗೆ ಪ್ಯಾಡ್. ಮಕ್ಕಳಿಗೆ ಸಾರು ಬಡಿಸಿದ ತಾಯಿ ತಾನು ಹುಣಸೆಹುಳಿ, ಉಪ್ಪು ಕಲಸಿಕೊಂಡು ಉಣ್ಣುತ್ತಾಳೆ.

ಆದ್ದರಿಂದ ನಾಲ್ಕು ಜನರ ಮನೆಗೆ ಒಂದು ತಿಂಗಳಿಗೆಂದು ಕಟ್ಟುವ ಕಿಟ್‌ನಲ್ಲಿ ತೊಗರಿಬೇಳೆ 3 ಕೆ.ಜಿ., ಎಣ್ಣೆ 2 ಲೀಟರ್, ಬೆಲ್ಲ 1 ಕೆ.ಜಿ., ಖಾರದಪುಡಿ, ಟೀಪುಡಿ ಕಾಲು ಕಾಲು ಕೆ.ಜಿ., ಉಪ್ಪು, ಸೋಪು, ಎರಡು ಪ್ಯಾಕೆಟ್ ಪ್ಯಾಡ್ ಇರುತ್ತವೆ. ಒಂದಕ್ಕೆ ₹1,100.

ರೇಷನ್ನೂ ಎಲ್ಲರ ಕೈಗೆ ಸಿಗುತ್ತಿಲ್ಲ. ಪಾತ್ರೆ ತಿಕ್ಕಿ ತಿಕ್ಕಿ ಬೆರಳಿನ ಗೆರೆ ಸವೆದಿರುತ್ತದೆ, ಅಂಗಡಿಯ ಯಂತ್ರ ಹೆಬ್ಬೆಟ್ಟು ಹಿಡಿಯುವುದಿಲ್ಲ. ಕೈ ತೊಳೆದು ಒರೆಸಿ ಬೇರೆ ಬೆರಳು ಇಟ್ಟರೆ ಎಷ್ಟೋ ಸಲ ಆಗುತ್ತದೆ. ಅದೂ ಆಗದಿದ್ದರೆ ಮೊಬೈಲಿಗೆ ಬರುವ ಒಟಿಪಿ ಹೇಳಿ ರೇಷನ್ ಪಡೆಯಬಹುದು, ಆದರೆ ಒಟಿಪಿ ಬರಬೇಕಾದ ಸಿಮ್ಮೇ ಬಂದ್ ಆಗಿದ್ದರೆ ಆ ದಾರಿಯೂ ಇಲ್ಲ. ಮನೆಗೆಲಸದವರಿಗೆ ರಾಜ್ಯ ಸರ್ಕಾರ ಘೋಷಿಸಿರುವ ₹2,000 ನೆರವಿಗೆ ಸೇವಾ ಸಿಂಧು ಎಂಬ ಸರ್ಕಾರಿ ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಆಧಾರ್ ಕೊನೆಗೆ ಜೋಡಣೆಯಾದ ಖಾತೆಗೇ ದುಡ್ಡು ಹೋಗುವುದರಿಂದ, ಊರಿನ ಹಳೇ ಪಾಸ್‌ಬುಕ್ಕನ್ನೂ ನೋಡಬೇಕು. ಈ ಅರ್ಜಿಗಳನ್ನು ನಮ್ಮ ಕಾರ್ಯಕರ್ತೆಯರು ಉಚಿತವಾಗಿ ತುಂಬಿಕೊಡುತ್ತಿದ್ದಾರೆ.

ಎಲ್ಲಕ್ಕಿಂತ ಕಷ್ಟ ಸಾಲದ್ದು. ತಾಳಿ ಸರದ ಗುಂಡುಗಳು ಒಂದೊಂದೇ ಗಿರವಿಗೆ ಹೋಗುತ್ತಿವೆ. ಅದೂ ಮುಗಿದರೆ ನೂರಕ್ಕೆ ಹತ್ತರ ಬಡ್ಡಿ: ₹5,000 ತಂದವಳು ತಿಂಗಳಿಗೆ ₹500 ಕಟ್ಟಿದರೂ ಅಸಲು ಒಂದು ರೂಪಾಯಿ ಇಳಿಯುವುದಿಲ್ಲ. ಒಡವೆ ಹರಾಜಿಗೆ ಬರುವ ಹಂತದಲ್ಲಿದ್ದರೆ, ಗಿರವಿ ಚೀಟಿ ನೋಡಿ ಬಾಕಿ ಬಡ್ಡಿಯನ್ನು ನೇರವಾಗಿ ಅಂಗಡಿಗೇ ಕಟ್ಟುತ್ತೇವೆ. ಇದಕ್ಕೆಂದೇ ಕೊಡುವವರು ಚೆಕ್ಕಿನ ಹಿಂದೆ ‘ಒಡವೆ ನಿಧಿ’ ಎಂದು ಬರೆಯಿರಿ.

ದಾನಕ್ಕೆ ಆದಾಯ ತೆರಿಗೆ ವಿನಾಯಿತಿ ಕೊಡಿಸುವ 80ಜಿ ರಸೀದಿ ಬೇಕಾದವರು ಚೆಕ್ ಅಥವಾ ಯುಪಿಐ ಮೂಲಕ ಕೊಡಿ. ₹2,000 ಮೀರಿದ ನಗದಿಗೂ ಸಾಮಾನಿಗೂ ತೆರಿಗೆ ವಿನಾಯಿತಿ ಇಲ್ಲ.

ನಿಮ್ಮ ಮನೆಗೆ ಬರುತ್ತಿದ್ದವರ ಈ ತಿಂಗಳ ಸಂಬಳ ಬಾಕಿಯಿದ್ದರೆ ಮೊದಲು ಅದನ್ನು ಕೊಟ್ಟುಬಿಡಿ. ಆಮೇಲೆ ಉಳಿದದ್ದರಲ್ಲಿ ನಮಗೆ ಕಳಿಸಿ.